ದೊಡ್ಡವರಾದ ಮೇಲೆ ಮೊದಲ ಸ್ಯಾಕ್ಸೊಫೋನ್: ಕಾಸರಗೋಡಿನ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಲ್ಲಿ ಸ್ಯಾಕ್ಸೊಫೋನ್ ಯಾರಿಗೂ ಹೊಸದಲ್ಲ. ಮದುವೆಯ ಧಾರೆಗೆ, ದೇವಸ್ಥಾನದ ಬಲಿ ಉತ್ಸವಕ್ಕೆ, ದೈವದ ನೇಮಕ್ಕೆ ಎಲ್ಲ ಕಡೆಯೂ ಅದು ಕೇಳಿಸುತ್ತದೆ. ಆದರೆ ಕೇಳಿದವರು ಬಹಳ, ಹತ್ತಿರದಿಂದ ಮುಟ್ಟಿ ನೋಡಿದವರು ಕಡಿಮೆ. ಮಕ್ಕಳು ಓದಿ ಕೆಲಸಕ್ಕೆ ಸೇರಿದ ಮೇಲೆ, ಅಥವಾ ಸ್ವಂತ ಕೆಲಸದಿಂದ ನಿವೃತ್ತಿಯಾದ ಮೇಲೆ ಕಲಿಯುವ ಆಸೆ ಚಿಗುರುತ್ತದೆ. ಆಗ ಹೆಚ್ಚಿನವರು ಮೊದಲು ವಾದ್ಯ ಕೊಂಡು, ಆಮೇಲೆ ಗುರುಗಳನ್ನು ಹುಡುಕುತ್ತಾರೆ. ಈ ಕ್ರಮವನ್ನು ತಿರುಗಿಸಿ ಎಂಬುದೇ ಈ ಬರಹದ ಒತ್ತಾಯ. ಯಾರು ಕಲಿಸುತ್ತಾರೆ, ಕೆಟ್ಟರೆ ಯಾರು ಸರಿಮಾಡುತ್ತಾರೆ ಎಂಬ ಎರಡು ಸಂಗತಿ ಇತ್ಯರ್ಥವಾದ ಮೇಲೆಯೇ ಹಣ ತೆಗೆಯಿರಿ.

ನನಗೆ ಐವತ್ತು ದಾಟಿದೆ. ಈಗ ಶುರು ಮಾಡಿದರೆ ಬರುತ್ತದೆಯೇ?

ಬರುತ್ತದೆ. ಊದುವ ವಾದ್ಯಗಳ ಪೈಕಿ ಬೇಗ ನಾದ ಕೊಡುವವುಗಳಲ್ಲಿ ಸ್ಯಾಕ್ಸೊಫೋನ್ ಒಂದು. ಕೊಳಲಿನಲ್ಲಿ ಮೊದಲ ಶುದ್ಧ ನಾದಕ್ಕೇ ಕೆಲವು ದಿನ ಕಾಯಬೇಕಾಗಬಹುದು. ಸ್ಯಾಕ್ಸೊಫೋನಿನಲ್ಲಿ ಹೆಚ್ಚಿನವರಿಗೆ ಮೊದಲ ದಿನವೇ ಒಂದೆರಡು ಸ್ವರ ಹೊರಡುತ್ತದೆ. ಕೆಳಗಿನ ಸ್ಥಾಯಿಗೂ ಮೇಲಿನ ಸ್ಥಾಯಿಗೂ ಬೆರಳುಗಾರಿಕೆ ಬಹುಮಟ್ಟಿಗೆ ಒಂದೇ. ಎಡಗೈ ಹೆಬ್ಬೆರಳಿನಿಂದ ಆಕ್ಟೇವ್ ಕೀ ಒತ್ತಿದರೆ ಸ್ಥಾಯಿ ಬದಲಾಗುತ್ತದೆ. ನೆನಪಿನ ಹೊರೆ ಕಡಿಮೆ. ನಾದ ಹದವಾಗುವುದಕ್ಕೆ ವರ್ಷಗಳು ಬೇಕು, ಆದರೆ ಅದು ಹತ್ತು ವಯಸ್ಸಿನ ಹುಡುಗನಿಗೂ ಬೇಕು.

ಆಲ್ಟೊ, ಟೆನರ್, ಸೊಪ್ರಾನೊ: ಮೊದಲನೆಯದು ಯಾವುದು?

ಆಲ್ಟೊ. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ಇವು ಒಂದೇ ವಾದ್ಯದ ಮೂರು ಗಾತ್ರಗಳು: ಸೊಪ್ರಾನೊ ಚಿಕ್ಕದು, ಆಲ್ಟೊ ನಡುವಿನದು, ಟೆನರ್ ದೊಡ್ಡದು.

ಕಾರಣ ಮೂರು. ಆಲ್ಟೊ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಟೆನರ್ ಮೂರು ಕಿಲೋ ದಾಟುತ್ತದೆ, ಅದಕ್ಕೆ ಗಾಳಿಯೂ ಹೆಚ್ಚು ಬೇಕು. ಎರಡನೆಯದಾಗಿ, ನಮ್ಮ ಕಡೆ ಕಲಿಸುವವರಲ್ಲಿ ಬಹುಪಾಲು ಜನ ನುಡಿಸುವುದೇ ಆಲ್ಟೊ. ಗುರುಗಳು ತಮ್ಮ ವಾದ್ಯದಲ್ಲಿ ತೋರಿಸಿದ್ದನ್ನು ನೀವು ಅದೇ ನಾದದಲ್ಲಿ ಅನುಸರಿಸಬಹುದು. ಮೂರನೆಯದಾಗಿ, ಮುಂದೆ ಮಾರಬೇಕೆಂದರೆ ಆಲ್ಟೊಗೆ ಗಿರಾಕಿ ಬೇಗ ಸಿಗುತ್ತಾರೆ.

ನೇರವಾದ ಸೊಪ್ರಾನೊ ನೋಡಲು ನಾಗಸ್ವರದ ಹಾಗಿದೆ, ಹಗುರ, ಹಿಡಿಯಲು ಸುಲಭ ಎಂದು ಅದರತ್ತ ವಾಲುವವರು ಇದ್ದಾರೆ. ಬಾಯಲ್ಲಿಟ್ಟು ಊದುವ ಅದರ ಮೌತ್‌ಪೀಸ್ ಚಿಕ್ಕದು. ತುಟಿಯ ಹಿಡಿತ ಕೂದಲೆಳೆಯಷ್ಟು ಸಡಿಲವಾದರೂ ಶ್ರುತಿ ಜಾರುತ್ತದೆ. ಕಿವಿ ಮತ್ತು ತುಟಿ ಎರಡೂ ಪಳಗಿದ ಮೇಲೆ ಅದು ಸೊಗಸಾದ ವಾದ್ಯ, ಮೊದಲ ವಾದ್ಯವಾಗಿ ಬೇಡ. ಟೆನರಿನ ತುಂಬು ನಾದವೇ ನಿಮ್ಮನ್ನು ಈ ದಾರಿಗೆ ಎಳೆದಿದ್ದರೆ, ಭುಜಗಳೂ ಗಟ್ಟಿಯಾಗಿದ್ದರೆ, ಅದನ್ನು ಆರಿಸುವುದು ತಪ್ಪಲ್ಲ. ಆದರೆ ಟೆನರ್ ಬಲ್ಲ ಗುರುಗಳು ಇದ್ದಾರೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ಕರ್ನಾಟಕ ಸಂಗೀತಕ್ಕೆ ಬೇರೆಯೇ ಸ್ಯಾಕ್ಸೊಫೋನ್ ಬೇಕೇ?

ಬೇಡ. ಬೆಲ್ಜಿಯಂ ಮೂಲದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ ವಾದ್ಯದ ಕುಟುಂಬವೇ ಇಂದಿಗೂ ಎಲ್ಲ ಸಂಗೀತಕ್ಕೂ ಬಳಕೆಯಲ್ಲಿದೆ. ನಮ್ಮ ಕರಾವಳಿಯ ಕದ್ರಿ ಗೋಪಾಲನಾಥರು ನುಡಿಸಿದ್ದೂ ಆಲ್ಟೊವನ್ನೇ. ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತರು, ಮಂಗಳೂರಿನ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯವರೆಗೆ ಅದನ್ನು ಕೊಂಡೊಯ್ದರು. ಗಮಕ ಸರಾಗವಾಗಿ ಬರುವಂತೆ ತಮ್ಮ ವಾದ್ಯದಲ್ಲಿ ಮಾರ್ಪಾಡುಗಳನ್ನು ಮಾಡಿಕೊಂಡಿದ್ದರು ಎಂಬುದು ನಿಜ. ಅದನ್ನು ಕೇಳಿ ಕೆಲವರು ಹೊಸ ವಾದ್ಯವನ್ನು ಕೊಂಡ ವಾರದಲ್ಲೇ ಬಿಚ್ಚಿಸಲು ಹೊರಡುತ್ತಾರೆ. ದಯವಿಟ್ಟು ಬೇಡ. ಮಾರ್ಪಾಡು ವರ್ಷಗಳ ಸಾಧನೆಯ ನಂತರ, ತನಗೆ ಏನು ಬೇಕೆಂದು ಗೊತ್ತಾದವರು ಮಾಡುವ ಕೆಲಸ. ಕಲಿಯುವ ಹಂತದಲ್ಲಿ ಜಾರು, ಕಂಪಿತದಂಥ ಗಮಕಗಳೆಲ್ಲವೂ ದವಡೆ, ತುಟಿ, ಗಂಟಲು ಮತ್ತು ಬೆರಳಿನ ಹೊಂದಾಣಿಕೆಯಿಂದಲೇ ಬರಬೇಕು.

ಆಲ್ಟೊ ಯಾವ ಶ್ರುತಿಯಲ್ಲಿ ಇರುತ್ತದೆ? ಹಾರ್ಮೋನಿಯಂ ಜೊತೆ ಹೊಂದುತ್ತದೆಯೇ?

ಹಾಡುಗಾರಿಕೆಯ ಅಥವಾ ಯಕ್ಷಗಾನದ ಪರಿಚಯ ಇದ್ದವರಿಗೆ ಇದು ಮೊದಲ ಗೊಂದಲ. ಆಲ್ಟೊದಲ್ಲಿ 'ಸಿ' ಎಂದು ಹೆಸರಿರುವ ಸ್ವರವನ್ನು ಊದಿದರೆ ಹಾರ್ಮೋನಿಯಮ್ಮಿನ ಕಪ್ಪು ಎರಡು (ಎರಡನೆಯ ಕಪ್ಪು ಮನೆ), ಅಂದರೆ ಎರಡೂವರೆ ಮನೆಯ ಶ್ರುತಿ ಕೇಳಿಸುತ್ತದೆ. ಟೆನರಿನಲ್ಲಿ ಅದೇ ಬೆರಳುಗಳಿಗೆ ಕಪ್ಪು ಐದು ಬರುತ್ತದೆ. ವಾದ್ಯ ಕೆಟ್ಟಿದೆ ಎಂದು ಅಂಗಡಿಗೆ ಮರಳಿಸಬೇಡಿ, ಅದರ ಹುಟ್ಟೇ ಹಾಗೆ. ಬಿಳಿ ಒಂದರಲ್ಲಿ ಹಾಡುವವರ ಜೊತೆ ನುಡಿಸಬೇಕಾದರೆ ಆಲ್ಟೊದಲ್ಲಿ 'ಎ' ಬೆರಳುಗಾರಿಕೆಯನ್ನು ಷಡ್ಜ ಮಾಡಿಕೊಳ್ಳಬೇಕು. ಬಿಳಿ ಐದರವರಿಗೆ 'ಇ'. ಆರಂಭದಲ್ಲಿ ಗುರುಗಳು ಎಲ್ಲಿ ಷಡ್ಜ ಇಡಿಸುತ್ತಾರೋ ಅಲ್ಲೇ ಇರಿ.

ಇನ್ನೊಂದು ಮಾತು. ಕೀಗಳು ಕೊಡುವ ಸ್ವರಸ್ಥಾನ ಸುಮಾರಾಗಿ ಹಾರ್ಮೋನಿಯಮ್ಮಿನದು. ತಂಬೂರಿಯ ಗಾಂಧಾರಕ್ಕೆ ಅದು ತಾನಾಗಿ ಸೇರುವುದಿಲ್ಲ, ತುಟಿಯಿಂದ ಸೇರಿಸಬೇಕು. ಆದ್ದರಿಂದ ಮೊದಲ ದಿನದಿಂದಲೇ ಶ್ರುತಿಪೆಟ್ಟಿಗೆ ಅಥವಾ ಮೊಬೈಲಿನ ತಂಬೂರಿ ಹಾಕಿಕೊಂಡು ಊದಿರಿ.

ಎಷ್ಟು ಹಣ ಬೇಕಾದೀತು?

ಹೆಸರಿಲ್ಲದ ಹೊಸ ಆಲ್ಟೊ ಸುಮಾರು 20 ಸಾವಿರದಿಂದ 40 ಸಾವಿರ ರೂಪಾಯಿಗೆ ಸಿಗುತ್ತದೆ. ಯಮಹಾದ ವೈಎಎಸ್-280 ಕಲಿಯುವವರಿಗಾಗಿಯೇ ತಯಾರಾದ ಮಾದರಿ. ಹೊಸದಕ್ಕೆ ಒಂದು ಲಕ್ಷಕ್ಕೂ ಮೇಲೆ ಬೇಕು. ತೈವಾನಿನ ಜುಪಿಟರ್ ಸಹ ಇದೇ ವರ್ಗದ ನಂಬಬಹುದಾದ ವಾದ್ಯ. ಸೆಲ್ಮರ್, ಯಾನಾಗಿಸಾವಾ ಎಂಬ ಹೆಸರುಗಳು ಕಿವಿಗೆ ಬಿದ್ದಿರಬಹುದು. ಅವು ವೃತ್ತಿಯವರ ವಾದ್ಯಗಳು, ಅವುಗಳ ಬೆಲೆ ಈಗ ನಿಮ್ಮ ಲೆಕ್ಕಕ್ಕೆ ಬರಬೇಕಿಲ್ಲ.

ಲಕ್ಷ ಕೊಡಲು ಶಕ್ತಿಯಿದ್ದರೆ ವೈಎಎಸ್-280 ಕೊಳ್ಳಿ ಎನ್ನುತ್ತೇನೆ. ಅದು ಶ್ರುತಿಯಲ್ಲಿ ನಿಲ್ಲುತ್ತದೆ, ಬಿಡಿಭಾಗ ಸಿಗುತ್ತದೆ, ಎಲ್ಲ ರಿಪೇರಿಯವರಿಗೂ ಅದರ ಪರಿಚಯವಿದೆ, ಎರಡು ವರ್ಷದ ನಂತರ ಬಿಡಬೇಕೆನಿಸಿದರೂ ಒಳ್ಳೆಯ ಬೆಲೆಗೆ ಹೋಗುತ್ತದೆ. ಅಷ್ಟು ಶಕ್ತಿ ಇಲ್ಲದಿದ್ದರೆ ಹೊಸ ಅಗ್ಗದ್ದಕ್ಕಿಂತ ಒಳ್ಳೆಯ ಕಂಪನಿಯ ಹಳೆಯದು ಮೇಲು. ಅದೂ ಸಿಗದಿದ್ದರೆ ಹೆಸರಿಲ್ಲದ್ದನ್ನೇ ಕೊಳ್ಳಬಹುದು, ಆದರೆ ಬಲ್ಲವರು ಕೈಯಲ್ಲಿ ಹಿಡಿದು ಊದಿ ಒಪ್ಪಿದ ಒಂದನ್ನು ಮಾತ್ರ. ಈ ವರ್ಗದಲ್ಲಿ ಒಂದೇ ಪೆಟ್ಟಿಗೆಯಿಂದ ಬಂದ ಎರಡು ವಾದ್ಯಗಳೂ ಒಂದೇ ಥರ ಇರುವುದಿಲ್ಲ.

ನಿಮ್ಮ ಹಣವನ್ನೆಲ್ಲ ವಾದ್ಯಕ್ಕೇ ಸುರಿಯಬೇಡಿ. ಮೌತ್‌ಪೀಸಿಗೆ ಕಟ್ಟುವ ರೀಡ್, ವಾದ್ಯವನ್ನು ಕುತ್ತಿಗೆಗೆ ತೂಗುಹಾಕುವ ಒಳ್ಳೆಯ ಪಟ್ಟಿ, ಸ್ಟ್ಯಾಂಡ್, ಒಳಗೆ ಒರೆಸುವ ಬಟ್ಟೆ, ಮೊದಲ ಸರ್ವಿಸ್ ಮತ್ತು ಗುರುದಕ್ಷಿಣೆಗೆಂದು ಒಂದು ಪಾಲು ಎತ್ತಿಡಿ.

ಆನ್‌ಲೈನ್‌ನಲ್ಲಿ ಯಮಹಾ ಎಂದೇ ಬರೆದ ವಾದ್ಯ 25 ಸಾವಿರಕ್ಕೆ ಕಂಡಿತು. ತರಿಸಬಹುದೇ?

ತರಿಸಬೇಡಿ. ದೊಡ್ಡ ಕಂಪನಿಗಳ ಹೆಸರು ಕೆತ್ತಿದ ನಕಲಿಗಳು ಮಾರುಕಟ್ಟೆಯಲ್ಲಿ ಇವೆ. ಅಧಿಕೃತ ಮಾರಾಟಗಾರರಲ್ಲಿ ಬೆಲೆ ಕೇಳಿ, ಅದರ ಕಾಲು ಭಾಗಕ್ಕೆ ಹೊಸದು ಕೊಡುವವರನ್ನು ನಂಬಬೇಡಿ. ಕ್ರಮಸಂಖ್ಯೆ ಮತ್ತು ಬಿಲ್ಲು ಎರಡೂ ಇರಲಿ. ಕೆಂಪು, ನೀಲಿ, ಕಪ್ಪು ಬಣ್ಣ ಬಳಿದ ಅಗ್ಗದ ವಾದ್ಯಗಳ ಕಡೆಗೂ ಮನಸ್ಸು ಹೋಗದಿರಲಿ. ಬಣ್ಣದಿಂದ ನಾದಕ್ಕೆ ಏನೂ ಸಿಗುವುದಿಲ್ಲ. ಅಗ್ಗದ ವಾದ್ಯಗಳ ಕೀಗಳು ಮೆತ್ತಗಿನ ಲೋಹದವಾಗಿದ್ದರೆ ಕೆಲವೇ ತಿಂಗಳಲ್ಲಿ ಬಾಗುತ್ತವೆ, ಬಾಗಿದ ಮೇಲೆ ರಂಧ್ರ ಮುಚ್ಚುವ ಪ್ಯಾಡ್ ಸರಿಯಾಗಿ ಕೂರುವುದಿಲ್ಲ, ಗಾಳಿ ಸೋರುತ್ತದೆ. ಕಲಿಯುವವರು ಮಾತ್ರ ತಮ್ಮ ಉಸಿರೇ ಸಾಲದು ಎಂದು ನೊಂದುಕೊಳ್ಳುತ್ತಾರೆ. ಒಳ್ಳೆಯ ಉಸಿರಿರುವ ಎಷ್ಟೋ ಜನ ಸೋರುವ ವಾದ್ಯದಿಂದಾಗಿ ಕಲಿಕೆ ಬಿಟ್ಟಿದ್ದಾರೆ. ನನಗೆ ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ.

ಹಳೆಯ ವಾದ್ಯ ಕೊಳ್ಳುವಾಗ ಏನೇನು ನೋಡಬೇಕು?

ಒಬ್ಬರೇ ಹೋಗಬೇಡಿ. ಗುರುಗಳನ್ನೋ ಹತ್ತು ವರ್ಷವಾದರೂ ನುಡಿಸಿದವರನ್ನೋ ಕರೆದುಕೊಂಡು ಹೋಗಿ. ಕಾರಿನ ಬಾಡಿಗೆ, ಊಟ ನಿಮ್ಮ ಲೆಕ್ಕದಲ್ಲಿ. ಅವರು ತಮ್ಮದೇ ಮೌತ್‌ಪೀಸ್ ಮತ್ತು ಹದವಾದ ರೀಡ್ ತರಲಿ. ಇಲ್ಲವಾದರೆ ದೋಷ ವಾದ್ಯದ್ದೋ ಮೌತ್‌ಪೀಸಿನದೋ ತಿಳಿಯುವುದಿಲ್ಲ.

ಮೊದಲು ಊದದೆ ನೋಡಿ. ನೆಕ್ ಎಂಬ ಬಾಗಿದ ಕೊಳವೆ ಕೆಳಕ್ಕೆ ಜಗ್ಗಿದಂತಿದೆಯೇ? ಪಕ್ಕದಿಂದ ನೋಡಿದರೆ ಅದರ ಬಾಗು ಸಮವಾಗಿರಬೇಕು. ದೇಹ ನೆಟ್ಟಗಿದೆಯೇ, ಬಿದ್ದು ಬೆಸುಗೆ ಹಾಕಿದ ಗುರುತುಗಳಿವೆಯೇ? ಕೀಗಳನ್ನು ಮೆಲ್ಲಗೆ ಅಲುಗಾಡಿಸಿ, ಸಡಿಲವಾಗಿ ಸದ್ದು ಮಾಡಿದರೆ ಸವೆದಿವೆ ಎಂದರ್ಥ. ಪ್ಯಾಡುಗಳು ಚರ್ಮ ಹೊದಿಸಿದ ಫೆಲ್ಟಿನವು. ಒಣಗಿ ಬಿರಿದಿದ್ದರೆ, ಅಂಚು ಗಟ್ಟಿಯಾಗಿದ್ದರೆ ಬದಲಾಯಿಸಬೇಕು. ಎಲ್ಲ ಪ್ಯಾಡುಗಳನ್ನೂ ಬದಲಾಯಿಸುವುದು ದೊಡ್ಡ ಖರ್ಚು, ಅದನ್ನು ಬೆಲೆಯಿಂದ ಕಳೆದು ಮಾತಾಡಿ. ಸೂಜಿಯಂಥ ಉಕ್ಕಿನ ಸ್ಪ್ರಿಂಗುಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ಸಮುದ್ರದ ಗಾಳಿಯಲ್ಲಿ ಇದ್ದ ವಾದ್ಯಕ್ಕೆ ಇದು ಸಾಮಾನ್ಯ. ಮೇಲಿನ ಹೊಳಪು ಮಾಸಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಮೈಯೆಲ್ಲ ಕಪ್ಪಾಗಿದ್ದರೂ ಶ್ರುತಿ, ಪ್ಯಾಡು ಸರಿಯಿದ್ದರೆ ಅದೇ ಒಳ್ಳೆಯ ವಾದ್ಯ.

ಆಮೇಲೆ ಊದಿಸಿ. ಮೇಲಿನಿಂದ ಕೆಳಗಿಳಿಯುತ್ತ ಅತಿ ಕೆಳಗಿನ ಸ್ವರದವರೆಗೆ ಮೆತ್ತಗೆ ಬರಬೇಕು. ಜೋರಾಗಿ ಊದಿದರೆ ಸೋರುವ ವಾದ್ಯವೂ ಕೂಗುತ್ತದೆ. ಮೆತ್ತಗೆ ಊದಿದಾಗಲೇ ಸತ್ಯ ಹೊರಬೀಳುವುದು. ರಿಪೇರಿಯವರು ಕತ್ತಲ ಕೋಣೆಯಲ್ಲಿ ಕೊಳವೆಯೊಳಗೆ ಸಣ್ಣ ದೀಪ ಇಳಿಸಿ, ಪ್ಯಾಡಿನ ಅಂಚಿನಲ್ಲಿ ಬೆಳಕು ಕಾಣುತ್ತದೆಯೇ ಎಂದು ನೋಡುತ್ತಾರೆ. ಸಾಧ್ಯವಾದರೆ ಅದನ್ನೂ ಮಾಡಿಸಿ. ಮೊಬೈಲಿನ ಟ್ಯೂನರಿನಲ್ಲಿ ಒಂದು ಸ್ವರವನ್ನು ಎರಡೂ ಸ್ಥಾಯಿಗಳಲ್ಲಿ ಅಳೆದು ನೋಡಿ.

ಹಳೆಯ ಬ್ಯಾಂಡುಗಳಿಂದ ಬಂದ ಬಹಳ ಪುರಾತನ ವಾದ್ಯವಾದರೆ ಒಂದು ಎಚ್ಚರ. ಹಿಂದೆ ಸೇನಾ ಬ್ಯಾಂಡುಗಳಿಗಾಗಿ ಇಂದಿನ ಮಟ್ಟಕ್ಕಿಂತ ('ಎ' ಸ್ವರಕ್ಕೆ 440 ಹರ್ಟ್ಸ್) ಏರು ಶ್ರುತಿಯ ವಾದ್ಯಗಳನ್ನು ತಯಾರಿಸುತ್ತಿದ್ದರು. ಕೆಲವುಗಳ ಮೇಲೆ 'ಹೈ ಪಿಚ್' ಎಂದು ಅಥವಾ 'ಎಚ್' ಅಕ್ಷರ ಕೆತ್ತಿರುತ್ತದೆ. ಅವು ಎರಡು ಶ್ರುತಿಮನೆಗಳ ನಡುವೆ ಬೀಳುತ್ತವೆ. ಮೌತ್‌ಪೀಸ್ ಎಷ್ಟು ಹೊರಗೆಳೆದರೂ ಎಲ್ಲ ಸ್ವರಗಳೂ ಒಟ್ಟಿಗೆ ಸರಿಹೋಗುವುದಿಲ್ಲ. ಅಲಂಕಾರಕ್ಕೆ ಗೋಡೆಯಲ್ಲಿ ತೂಗುಹಾಕಬಹುದು, ಕಲಿಯಲು ಆಗದು.

ಗಲ್ಫಿನಲ್ಲಿರುವ ಭಾವನವರು ರಜೆಗೆ ಬರುವಾಗ ತರುತ್ತಾರಂತೆ. ಒಳ್ಳೆಯದೇ?

ನಮ್ಮೂರಿನ ಎಷ್ಟೋ ಮನೆಗಳಲ್ಲಿ ಇದು ಸಹಜ ದಾರಿ, ತಪ್ಪೇನೂ ಇಲ್ಲ. ಆದರೆ ಮಾದರಿಯ ಹೆಸರನ್ನು ಖಚಿತವಾಗಿ ಬರೆದು ಕೊಡಿ, 'ಒಂದು ಒಳ್ಳೆಯ ಸ್ಯಾಕ್ಸೊಫೋನ್' ಎಂದಷ್ಟೇ ಹೇಳಿ ಕಳಿಸಬೇಡಿ. ಉಚಿತ ಮಿತಿ ದಾಟಿದ ಬೆಲೆಗೆ ವಿಮಾನ ನಿಲ್ದಾಣದಲ್ಲಿ ಸುಂಕ ಬೀಳಬಹುದು, ಆದ್ದರಿಂದ ಬಿಲ್ಲು ಕೈಯಲ್ಲಿರಲಿ. ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದೂ ಅಂಗಡಿಯಲ್ಲಿ ಕೇಳಿಸಿ. ಮಂಗಳೂರಿಗೆ ಇಳಿಯಲಿ, ಕಣ್ಣೂರಿಗೆ ಇಳಿಯಲಿ, ವಾದ್ಯ ಕೈಚೀಲವಾಗಿ ಬರುವುದು ಕ್ಷೇಮ. ಪೆಟ್ಟಿಗೆಯ ಅಳತೆ, ತೂಕವನ್ನು ವಿಮಾನ ಸಂಸ್ಥೆಯವರಲ್ಲಿ ಮೊದಲೇ ವಿಚಾರಿಸಲಿ. ಸಾಮಾನಿನ ಜೊತೆ ಹಾಕಲೇಬೇಕಾದರೆ ಗಟ್ಟಿ ಪೆಟ್ಟಿಗೆಯೊಳಗೆ ಬಟ್ಟೆ ತುಂಬಿಸಿ, ಅಲುಗಾಡದಂತೆ ಮಾಡಲು ಹೇಳಿ.

ರೀಡ್, ಮೌತ್‌ಪೀಸ್ ಬಗ್ಗೆ?

ಮೈ ಹಿತ್ತಾಳೆಯದಾದರೂ ನಾದ ಹುಟ್ಟುವುದು ರೀಡ್ ಎಂಬ ಬೆತ್ತದಂಥ ಒಂದು ತೆಳು ಪಟ್ಟಿಯಿಂದ. ಯಮಹಾ 4ಸಿ ಮೌತ್‌ಪೀಸ್ ಆರಂಭಿಕರಿಗೆ ಸಾಕು. ಅಗ್ಗದ ವಾದ್ಯ ಕೊಂಡವರು ಅದರೊಂದಿಗೆ ಬಂದದ್ದನ್ನು ಬದಿಗಿಟ್ಟು ಇದೊಂದನ್ನು ಹಾಕಿದರೂ ವ್ಯತ್ಯಾಸ ಗೊತ್ತಾಗುತ್ತದೆ. ರೀಡ್ ಒಂದೂವರೆ ಅಥವಾ ಎರಡನೆಯ ನಂಬರಿನಿಂದ ಶುರುವಾಗಲಿ, ನಂಬರು ಏರಿದಷ್ಟೂ ರೀಡ್ ಗಟ್ಟಿ. ಗಟ್ಟಿ ರೀಡ್ ಊದುವುದು ದೊಡ್ಡಸ್ತಿಕೆಯ ವಿಷಯವಲ್ಲ. ವ್ಯಾಂಡೋರೆನ್, ರಿಕೋ ಎರಡೂ ಒಳ್ಳೆಯವು. ಮೂರು ನಾಲ್ಕನ್ನು ಇಟ್ಟುಕೊಂಡು ದಿನಕ್ಕೊಂದರಂತೆ ಬದಲಿಸಿ. ಅಂಚು ಚೂರು ಮುರಿದರೂ ಎಸೆದುಬಿಡಿ.

ಎಲ್ಲ ಸರಿ ಕೂತಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಆಲ್ಟೊದ ಮೌತ್‌ಪೀಸನ್ನು ಮಾತ್ರ ಊದಿದರೆ ಹಾರ್ಮೋನಿಯಮ್ಮಿನ ಬಿಳಿ ಆರರ ಆಸುಪಾಸಿನ ಸ್ವರ ಬರಬೇಕು. ಬಹಳ ಮೇಲೆ ಹೋದರೆ ತುಟಿಯನ್ನು ಅತಿಯಾಗಿ ಬಿಗಿದಿದ್ದೀರಿ.

ನಮ್ಮ ಮಳೆಗಾಲದಲ್ಲಿ ವಾದ್ಯ ಉಳಿಯುತ್ತದೆಯೇ?

ಉಳಿಯುತ್ತದೆ, ನೋಡಿಕೊಂಡರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕ, ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು; ಚರ್ಮದ ಪ್ಯಾಡಿಗೆ ಬಿಡುವುದೇ? ನುಡಿಸಿ ಮುಗಿಸಿದ ಕೂಡಲೇ ದಾರ ಕಟ್ಟಿದ ಬಟ್ಟೆಯನ್ನು ವಾದ್ಯದ ಅಗಲ ಬಾಯಿಯ ಕಡೆಯಿಂದ ಇಳಿಸಿ ಎಳೆದು ಒಳಗಿನ ತೇವ ತೆಗೆಯಿರಿ. ನೆಕ್ಕನ್ನು ಬೇರೆಯಾಗಿ ಒರೆಸಿ. ರೀಡನ್ನು ಮೌತ್‌ಪೀಸಿನಲ್ಲೇ ಬಿಟ್ಟು ಮಲಗಬೇಡಿ. ಒದ್ದೆ ಬಟ್ಟೆಯನ್ನು ವಾದ್ಯದ ಪೆಟ್ಟಿಗೆಯೊಳಗೆ ಇಡಬೇಡಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿರಲಿ, ಬಿಸಿಲು ಬಂದ ದಿನ ಪೆಟ್ಟಿಗೆಯನ್ನು, ವಾದ್ಯವನ್ನಲ್ಲ, ಬಿಸಿಲಿಗೆ ತೆರೆದಿಡಿ. ಎಲ್ಲಕ್ಕಿಂತ ದೊಡ್ಡ ಔಷಧ ದಿನವೂ ನುಡಿಸುವುದು. ಮಳೆಗಾಲ ಪೂರ್ತಿ ಅಟ್ಟದಲ್ಲಿ ಮುಚ್ಚಿಟ್ಟ ವಾದ್ಯವೇ ಹೆಚ್ಚು ಹಾಳಾಗುವುದು.

ಎಲೆಯಡಿಕೆ ಹಾಕುವವರು, ಸಿಹಿ ಚಹಾ ಕುಡಿದವರು ಬಾಯಿ ತೊಳೆದೇ ವಾದ್ಯ ಮುಟ್ಟಬೇಕು. ಸಕ್ಕರೆಯ ಉಗುಳು ಪ್ಯಾಡಿಗೆ ಸೇರಿದರೆ ಅದು ಅಂಟಿಕೊಳ್ಳುತ್ತದೆ, ಅದರಲ್ಲೂ ಜಿ ಶಾರ್ಪ್ ಕೀ ಏಳುವುದೇ ಇಲ್ಲ. ಅಂಟಿದ ಪ್ಯಾಡಿನ ಕೆಳಗೆ ತೆಳು ಕಾಗದ ಇಟ್ಟು, ಮೆಲ್ಲಗೆ ಒತ್ತಿ, ಕೀ ಬಿಟ್ಟ ಮೇಲೆ ಕಾಗದ ತೆಗೆಯಿರಿ.

ದೀಪದ ಕಂಬ ತಿಕ್ಕಿದ ಹಾಗೆ ಹುಣಸೆಹಣ್ಣಿನಿಂದ ತಿಕ್ಕಬಹುದೇ?

ಖಂಡಿತ ಬೇಡ. ಹುಳಿ ಮೇಲಿನ ಲ್ಯಾಕರ್ ಪದರವನ್ನು ತಿನ್ನುತ್ತದೆ, ನೀರು ಪ್ಯಾಡುಗಳನ್ನು ಕೆಡಿಸುತ್ತದೆ. ಹಿತ್ತಾಳೆ ಹೊಳಪಿನ ದ್ರಾವಣವೂ ಬೇಡ. ಒಣ ಮೆತ್ತನೆಯ ಬಟ್ಟೆ ಸಾಕು. ನೆಕ್ಕಿನ ಕಾರ್ಕಿಗೆ ತೆಂಗಿನೆಣ್ಣೆಯ ಬದಲು ಅದಕ್ಕೆಂದೇ ಸಿಗುವ ಗ್ರೀಸ್ ಹಚ್ಚಿ.

ಹಲ್ಲು ಕಟ್ಟಿಸಿದ್ದೇನೆ, ರಕ್ತದೊತ್ತಡವೂ ಇದೆ. ಊದಬಹುದೇ?

ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಕೂರುವುದರಿಂದ ಸಡಿಲ ಹಲ್ಲಿನ ಸೆಟ್ ತೊಂದರೆ ಕೊಡಬಹುದು. ಗಟ್ಟಿಯಾಗಿ ಕೂತದ್ದಾದರೆ ಅಭ್ಯಾಸವಾಗುತ್ತದೆ. ಮೌತ್‌ಪೀಸಿಗೆ ಅಂಟಿಸುವ ರಬ್ಬರಿನ ತೆಳು ತುಂಡು ನೆರವಾಗುತ್ತದೆ. ರಕ್ತದೊತ್ತಡ, ಹರ್ನಿಯಾ, ಕಣ್ಣಿನ ಒತ್ತಡ ಇದ್ದವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಕುತ್ತಿಗೆ ನೋವಿನವರು ಕುತ್ತಿಗೆ ಪಟ್ಟಿಯ ಬದಲು ಎರಡೂ ಭುಜಕ್ಕೆ ಭಾರ ಹಂಚುವ ಪಟ್ಟಿ ಕೊಳ್ಳಲಿ. ಮೌತ್‌ಪೀಸ್ ಬಾಯಿಗೆ ಬರುವಷ್ಟು ಪಟ್ಟಿಯನ್ನು ಎತ್ತರಿಸಿ, ವಾದ್ಯದ ಕಡೆಗೆ ನೀವು ಬಗ್ಗಬೇಡಿ.

ನಾನು ಎಡಗೈಯವನು.

ಎಲ್ಲರಿಗೂ ಒಂದೇ ವಾದ್ಯ. ಎರಡೂ ಕೈಗೆ ಸಮ ಕೆಲಸ, ಎಡಗೈ ಮೇಲೆ ಇರುತ್ತದೆ.

ಶಬ್ದ ಕಡಿಮೆ ಮಾಡುವುದು ಹೇಗೆ? ಪೇಟೆಯ ಫ್ಲ್ಯಾಟಿನಲ್ಲಿದ್ದೇವೆ.

ಅಡಿಕೆ ತೋಟದ ನಡುವೆ ಮನೆಯಿರುವವರು ಪುಣ್ಯವಂತರು. ಫ್ಲ್ಯಾಟಿನವರಿಗೆ ಕಷ್ಟವೇ. ವಾದ್ಯದ ಅಗಲ ಬಾಯಿಗೆ ಬಟ್ಟೆ ತುರುಕಿದರೆ ಪ್ರಯೋಜನವಿಲ್ಲ, ಏಕೆಂದರೆ ನಾದ ಮೈಮೇಲಿನ ತೆರೆದ ರಂಧ್ರಗಳಿಂದಲೇ ಹೊರಡುತ್ತದೆ. ಕೆಳಗಿನ ಸ್ವರಗಳೂ ಕೆಡುತ್ತವೆ. ಬಟ್ಟೆ, ಹಾಸಿಗೆ ತುಂಬಿದ ಕೋಣೆಯನ್ನು ಆರಿಸಿ, ನೆರೆಯವರಲ್ಲಿ ಮೊದಲೇ ಮಾತಾಡಿ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಯಮಹಾದ ವೈಡಿಎಸ್-150 ಎಂಬ ಡಿಜಿಟಲ್ ಸ್ಯಾಕ್ಸೊಫೋನ್‌ನಲ್ಲಿ ಹೆಡ್‌ಫೋನ್ ಹಾಕಿ ಬೆರಳುಗಾರಿಕೆ ಸಾಧಿಸಬಹುದು. ಆದರೆ ಅದರಲ್ಲಿ ತುಟಿ ಪಳಗುವುದಿಲ್ಲ, ಮೊದಲ ವಾದ್ಯವಾಗಿ ನಾನು ಒಪ್ಪುವುದಿಲ್ಲ.

ಸ್ವಲ್ಪ ಕಲಿತ ಮೇಲೆ ದೇವಸ್ಥಾನದಲ್ಲಿ ನುಡಿಸಬಹುದೇ?

ನವರಾತ್ರಿಯ ಸಂಗೀತ ಸೇವೆಯಂಥ ಕಾರ್ಯಕ್ರಮಗಳಲ್ಲಿ ಅವಕಾಶ ಕೇಳಿ, ಸಂತೋಷದಿಂದ ಕೊಡುತ್ತಾರೆ. ಬಲಿ, ಪೂಜೆ, ನೇಮದ ವಾದ್ಯ ಬೇರೆ. ಅದು ತಲೆಮಾರುಗಳಿಂದ ವಾದ್ಯಸೇವೆ ಮಾಡುತ್ತ ಬಂದ ಮನೆತನಗಳ ಹೊಣೆ ಮತ್ತು ಜೀವನೋಪಾಯ. ಅಲ್ಲಿ ಯಾವ ಹೊತ್ತಿಗೆ ಯಾವ ರಾಗ, ದೈವದ ನಡೆಗೆ ಎಂಥ ವೇಗ ಎಂಬುದು ಕಲಾವಿದರ ಒಡನಾಟದಲ್ಲೇ ತಿಳಿಯುವ ವಿದ್ಯೆ. ಅವರಲ್ಲಿ ಒಬ್ಬರನ್ನು ಗುರುವಾಗಿ ಪಡೆದರೆ ನಿಮ್ಮ ಭಾಗ್ಯ: ಕಲಿಸುತ್ತಾರೆ, ಸಣ್ಣಪುಟ್ಟ ರಿಪೇರಿಯನ್ನೂ ತೋರಿಸಿಕೊಡುತ್ತಾರೆ. ಹೇಳಿದಷ್ಟು ದಕ್ಷಿಣೆಯನ್ನು ಚೌಕಾಸಿ ಮಾಡದೆ ಕೊಡಿ. ಹಬ್ಬ, ಜಾತ್ರೆಯ ತಿಂಗಳುಗಳಲ್ಲಿ ಪಾಠ ತಪ್ಪುವುದು ಸಹಜ, ಅದನ್ನು ದೂರಬೇಡಿ.

ಮೊದಲ ಕೆಲವು ವಾರ ಏನು ಮಾಡಬೇಕು?

ದಿನಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ, ತುಟಿ ದಣಿಯುವವರೆಗೆ ಮಾತ್ರ. ಅರ್ಧ ಹೊತ್ತು ಒಂದೊಂದೇ ಸ್ವರವನ್ನು ನಿಲ್ಲಿಸಿ ಊದುವುದು, ಉಳಿದರ್ಧ ಸರಿಗಮದ ಸರಳೆ. ಸಿನಿಮಾ ಹಾಡಿನ ಆತುರ ಸ್ವಲ್ಪ ದಿನ ತಡೆದುಕೊಳ್ಳಿ. ವಾದ್ಯ ಇನ್ನೂ ಕೊಳ್ಳದವರು ಈ ವಾರಗಳಿಗೆ ಗುರುಗಳಲ್ಲಿರುವ ಹೆಚ್ಚುವರಿ ವಾದ್ಯವನ್ನು ಕೇಳಿ ನೋಡಿ, ಮೌತ್‌ಪೀಸ್ ಮತ್ತು ರೀಡ್ ಮಾತ್ರ ನಿಮ್ಮದೇ ಇರಲಿ. ಅಷ್ಟರಲ್ಲಿ ಭಾರ ತಡೆಯುತ್ತದೆಯೇ, ನಾದ ಹಿಡಿಸುತ್ತದೆಯೇ ಎಂಬುದೂ ತಿಳಿದಿರುತ್ತದೆ.

ಪಾಠಕ್ಕೆ ಬಸ್ಸಿನಲ್ಲಿ, ರೈಲಿನಲ್ಲಿ ಒಯ್ಯಬಹುದೇ?

ಒಯ್ಯಬಹುದು. ಬೆನ್ನಿಗೆ ಹಾಕುವ ಗಟ್ಟಿ ಪೆಟ್ಟಿಗೆ ಕೊಳ್ಳಿ, ಬರೀ ಬಟ್ಟೆಯ ಚೀಲ ಸಾಲದು. ನೆಕ್ ತೆಗೆದ ಮೇಲೆ ವಾದ್ಯದ ತುದಿಯಲ್ಲಿ ಆಕ್ಟೇವ್ ಕೀಯ ಸಣ್ಣ ಕಡ್ಡಿ ಚಾಚಿಕೊಂಡಿರುತ್ತದೆ. ಹೊಸ ವಾದ್ಯದ ಜೊತೆ ಬರುವ ಮುಚ್ಚಳವನ್ನು ಅಲ್ಲಿಗೆ ಹಾಕಿಯೇ ಪೆಟ್ಟಿಗೆ ಮುಚ್ಚಿ, ಇಲ್ಲದಿದ್ದರೆ ಕಡ್ಡಿ ಬಾಗುತ್ತದೆ. ಮಂಗಳೂರಿಗೆ ಹೋಗುವವರು ಬೆಳಗ್ಗಿನ ರೈಲಿನ ನೂಕುನುಗ್ಗಲಲ್ಲಿ ಪೆಟ್ಟಿಗೆಯನ್ನು ಮೇಲಿನ ಹಲಗೆಗೆ ಏರಿಸದೆ ಕಾಲುಗಳ ನಡುವೆ ನಿಲ್ಲಿಸಿಕೊಳ್ಳಲಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ, ಪ್ಯಾಡುಗಳನ್ನು ಹಿಡಿದಿರುವ ಅಂಟು ಕರಗಿ ಅವು ಜಾಗ ಬಿಡುತ್ತವೆ.